ಖರ್ಚಿನ ಬಾಬ್ತು

ಮೊದಲನೆಯವನು ಫೋನಿನಲ್ಲೇ ಪೂರ್ತಿ ಹಣ ಕೇಳಿದ.
ಎರಡನೆಯವನು ಪೂರ್ತಿ ಕಥೆ ಕೇಳಿದ,
ನಡುನಡುವೆ ಹ್ಞೂಂಗುಟ್ಟಿದ ರೀತಿ ನನಗೆ ಹಿಡಿಸಲಿಲ್ಲ.

ಮಿಸೆಸ್ ಹ್ಯಾಲಂ ಕೇಳಿದ್ದು ಇಷ್ಟೇ:
ಗೊತ್ತಾದ ಮೇಲೆ ಏನು ಮಾಡುತ್ತೀರಿ?

ಡರ್ಬಿಯ ಬಸ್ ನಿಲ್ದಾಣದ ಹಿಂದೆ,
ಕೀಲಿ ಮಾಡುವವನ ಅಂಗಡಿಯ ಮೇಲೆ ಅವಳ ಕೋಣೆ.
ಹೀಟರ್ ಮೇಲೆ ಕಾಲುಚೀಲ ಒಣಗುತ್ತಿತ್ತು.
ಗಂಟೆಗೆ ನಲವತ್ತೈದು ಪೌಂಡು, ಪೆಟ್ರೋಲು ಬೇರೆ,
ಮುಂಗಡ ಇನ್ನೂರು; ಏನೂ ಸಿಗದಿದ್ದರೂ ವಾಪಸಿಲ್ಲ.
ಏನೂ ಸಿಗದಿರಲಿ ಎಂದೇ ಎಣಿಸಿಕೊಟ್ಟೆ
ಹೊಲಿಗೆಯ ದುಡ್ಡು, ಬರೀ ಐದರ ನೋಟು,
ಒಂದಕ್ಕೆ ಇನ್ನೂ ದಾರದ ಎಳೆ ಅಂಟಿತ್ತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು, ಅನ್ನುತ್ತಿದ್ದಳು ಅಜ್ಜಿ.
ಪ್ರಮಾಣಿಸಲು ಗಂಟೆಗಿಷ್ಟು ಎಂದು
ಅವಳಿಗೇನು ಗೊತ್ತು.

ಮೂರು ಸಂಜೆ ಕಳೆಯುವಷ್ಟರಲ್ಲಿ ಧೈರ್ಯ ಸೋರಿತು.
ಸಾಕು, ವರದಿ ಬೇಡ, ಲೆಕ್ಕ ಮಾತ್ರ ಕಳಿಸಿ ಎಂದೆ.
ಹಾಗೇ ಮಾಡಿದಳು, ನಿಯತ್ತಿನ ಹೆಂಗಸು:

ಪೆಟ್ರೋಲು, ಹನ್ನೊಂದು ಮೈಲಿಯದು.
ಚಹಾ ಎರಡು. ಬಿಸ್ಕತ್ತು ಒಂದು ಪೊಟ್ಟಣ.
ಪಾರ್ಕಿಂಗು, ಮೂರೂ ಸಂಜೆ, ಆರರಿಂದ ಒಂಬತ್ತು,
ಆಲ್ಡರ್ ಬೀದಿ.

ಆಲ್ಡರ್ ಬೀದಿ ನಮ್ಮದೇ.
ಆರರಿಂದ ಒಂಬತ್ತು, ವಾಮನನ ಓವರ್‌ಟೈಮು.

ಇವತ್ತು ಏಳಕ್ಕೆ, ಕಸದ ಡಬ್ಬಿಯ ನೆಪದಲ್ಲಿ
ಚಪ್ಪಲಿಯಲ್ಲೇ ತಿರುವಿನ ತನಕ ಹೋದೆ.
ನಮ್ಮ ಕಾರು. ದೀಪವಿಲ್ಲ.
ಒಳಗೆ ಅವನು, ಸ್ಟೀರಿಂಗಿನ ಮೇಲೆ ಎರಡೂ ಕೈ,
ಪಕ್ಕದ ಸೀಟು ಖಾಲಿ.

ಯಾರಾದರೂ ಇದ್ದಿದ್ದರೆ
ಏನು ಮಾಡಬೇಕೆಂದು ಗೊತ್ತಿತ್ತು ನನಗೆ.

ಬಾಕಿ ಇನ್ನೂರ ಹತ್ತೊಂಬತ್ತು.
ಹದಿನಾಲ್ಕು ದಿನದೊಳಗೆ ಕೊಡತಕ್ಕದ್ದು.