ಇಪ್ಪತ್ತು ನಿಮಿಷ

ಮೂವತ್ತೊಂದು ವರ್ಷ ಕುಶಿರೊ ಊರಿನ ಬಸ್ಸು ಓಡಿಸಿದವನು ನಾನು.
ಬಂದರಿನಿಂದ ಹೊರಟು ಆಸ್ಪತ್ರೆ ಮುಟ್ಟಿ ಮರಳಲು
ಎರಡು ಗಂಟೆ ಹತ್ತು ನಿಮಿಷ.
ಅಷ್ಟೂ ಹೊತ್ತು ತಡೆದುಕೊಳ್ಳುವುದು
ಕಾಲಿಗೆ ಕ್ಲಚ್ಚಿನ ಹಾಗೆ, ಹೊಟ್ಟೆಗೆ ರೂಢಿ.

ಈಗ ಇಪ್ಪತ್ತು ನಿಮಿಷ.
ಎದ್ದು, ಗೋಡೆ ಹಿಡಿದು, ಕತ್ತಲಲ್ಲಿ ನಡೆದು
ನಾಲ್ಕು ಹನಿಗೆ ನಾಲ್ಕು ಕೆಂಡ.
ಸುಮಿಯೆ ದೀಪ ಹಾಕಲು ಬರುತ್ತಾಳೆ. ಬೇಡ ಎನ್ನುತ್ತೇನೆ,
ಬಣ್ಣ ಕಾಣಬಾರದೆಂದು.

ಎದೆಯ ಗಂಟೇನೋ ಕರಗುತ್ತಿದೆ.
ಪ್ಲಮ್ಮಿನಷ್ಟಿದ್ದದ್ದು ಅಲಸಂದೆಯಷ್ಟಾಗಿದೆ,
ಡಾಕ್ಟರ್ ಕುಜಿ ಪರದೆ ತಿರುಗಿಸಿ ತೋರಿಸಿದಳು. ಚಿಕ್ಕವಳು,
ನನ್ನ ಬಸ್ಸಲ್ಲೇ ಶಾಲೆಗೆ ಹೋದವಳಿರಬೇಕು.
ಮೂರು ವಾರಕ್ಕೊಮ್ಮೆ ಕೈಗೇರುವ ಆ ನೀರಿನಂಥ ಔಷಧಿ
ತಾನಾಗಿ ಏನನ್ನೂ ಕೊಲ್ಲುವುದಿಲ್ಲ, ಅಂದಿದ್ದಳು ಮೊದಲ ದಿನವೇ,
ನಿಮ್ಮ ಕಾವಲಿನವರ ಬ್ರೇಕು ಬಿಡಿಸುತ್ತದೆ, ಅಷ್ಟೆ.
ಬ್ರೇಕು!
ನನಗೆ ಹೇಳುವ ಮಾತೇ ಅದು?
ಇಳಿಜಾರಿನಲ್ಲಿ ಬ್ರೇಕು ಬಿಟ್ಟ ಗಾಡಿ
ತಪ್ಪು ಮಾಡಿದವನ ಮನೆ ವಿಚಾರಿಸಿಕೊಂಡು ಹೋಗುತ್ತದೆಯೇ?

ಮೊದಲು ಸೋಂಕೆಂದರು. ಎರಡು ಬಗೆಯ ಗುಳಿಗೆ, ಹತ್ತು ದಿನ.
ಗಾಜಿನ ತಟ್ಟೆಯಲ್ಲಿ ನನ್ನ ಉಚ್ಚೆಯಿಟ್ಟು ಕಾದರು:
ಏನೂ ಮೊಳೆಯಲಿಲ್ಲ.
ಕಳ್ಳನಿಲ್ಲದ ಮನೆಯಲ್ಲಿ ಇಷ್ಟು ಬೊಬ್ಬೆ.
ಕೊನೆಗೆ ನಳಿಗೆ ಇಳಿಸಿದರು. ನಾನೂ ನೋಡಿದೆ
ನನ್ನೊಳಗಿನ ಆ ಸಣ್ಣ ಚೀಲವನ್ನು:
ಉದ್ದಕ್ಕೂ ಕೆಂಪು, ಬೆಕ್ಕು ಪರಚಿದ ಕೆನ್ನೆಯ ಹಾಗೆ.
ಚಿವುಟಿ ತೆಗೆದ ಚೂರಿನಲ್ಲಿ ಕ್ಯಾನ್ಸರ್ ಇರಲಿಲ್ಲ.
ತುಂಬ ನಮ್ಮವರೇ, ಅಂದಳು ಕುಜಿ.

ಬೇಲಿಯೇ ಎದ್ದು ಹೊಲ ಮೇಯ್ದಿತು ಎನ್ನಲು ಬಾಯಿ ಬಾರದು.
ಮೇಲಿನ ಹೊಲದ ಕಳೆ ಕಿತ್ತದ್ದೂ
ಅದೇ ಬೇಲಿ.

ಔಷಧಿ ನಿಲ್ಲಿಸಿದ್ದಾರೆ. ಬೆಳಿಗ್ಗೆ ಎಂಟು ಸ್ಟೀರಾಯ್ಡು ಗುಳಿಗೆ.
ಐದನೆಯ ರಾತ್ರಿ ನಲವತ್ತು ನಿಮಿಷ. ಒಂಬತ್ತನೆಯದಕ್ಕೆ ಒಂದೂವರೆ ಗಂಟೆ.
ಸುಮಿಯೆ ಕ್ಯಾಲೆಂಡರಿನಲ್ಲಿ ಬರೆದಿಡುತ್ತಾಳೆ,
ಬಸ್ಸು ಬಂದ ವೇಳೆ ಬರೆಯುವವರ ಹಾಗೆ.
ಉರಿ ಇಳಿದಷ್ಟೂ ಇನ್ನೊಂದು ಏರುತ್ತದೆ, ಅವಳಿಗೆ ಹೇಳಿಲ್ಲ:
ಇವರೆಲ್ಲ ಮಲಗಿದರೆ
ಮೇಲೆ ಎಚ್ಚರ ಯಾರು?
ಆ ಅಲಸಂದೆ ಕಾಳು, ಅದಕ್ಕೆ ನೀರು ಸಿಕ್ಕರೆ?

ಇವತ್ತು ಸ್ಕ್ಯಾನಿಗೆ ಹೊರಟಿದ್ದೇವೆ, ನನ್ನದೇ ಹಳೆಯ ರೂಟು.
ಕಡಲಿಂದ ಬಂದ ಮಂಜು. ಸ್ಟೇರಿಂಗಿನಲ್ಲಿ ಯಾರೋ ಹುಡುಗ.
ಮೀನುಪೇಟೆ, ಅಂಚೆಕಚೇರಿ, ಕಕ್ಕಸಿರುವ ನಿಲ್ದಾಣಗಳೆಲ್ಲ
ದಾಟಿಹೋದವು.
ಸೇತುವೆಯ ಕಡೆಗಿನ ಇಳಿಜಾರಿನಲ್ಲಿ
ನನ್ನ ಬಲಗಾಲು ತಾನಾಗಿ ಒತ್ತಿತು
ಅಲ್ಲಿಲ್ಲದ ಪೆಡಲನ್ನು.

ಬಂತಾ? ಕೇಳಿದಳು ಸುಮಿಯೆ.
ಇಲ್ಲ, ಅಂದೆ. ಇನ್ನೂ ಇಲ್ಲ.