ಮೀಟರ್ ಓದುವವಳು ಮತ ಕೇಳಿದ್ದು

ಮೈಕು ಬೇಡ. ಫೈರ್ ಎಂಜಿನ್ನನ್ನು ಹೊರಗೆ ಚಳಿಗೆ ನಿಲ್ಲಿಸಿ
ಅದರ ಜಾಗದಲ್ಲಿ ಕುರ್ಚಿ ಹಾಕಿದ್ದೀರಿ,
ಬೇಗ ಮುಗಿಸುತ್ತೇನೆ.

ನಾನು ಆರ್ಡಿಸ್ ಟ್ವೈಟ್. ನಿಮಗೆ ಮುಖಕ್ಕಿಂತ
ನನ್ನ ಬೆನ್ನಿನ ಗುರುತೇ ಹೆಚ್ಚು.
ಇಪ್ಪತ್ತೇಳು ವರ್ಷ ನಿಮ್ಮ ಅಂಗಳಗಳಲ್ಲಿ ಬಗ್ಗಿ
ಕಬ್ಬಿಣದ ಮುಚ್ಚಳ ಎತ್ತಿ
ಹಿಮ ಕೆರೆದು, ಜೇಡರ ಬಲೆ ಒರೆಸಿ
ನೀರಿನ ಮೀಟರ್ ಓದಿದವಳು.
ಯಾರ ಮನೆಗೆ ಕೂಸು ಬಂತು, ಯಾರು ಬಿಟ್ಟು ಹೋದರು,
ಅಂಕಿ ನನಗೇ ಮೊದಲು ಹೇಳಿದೆ.
ನಾನು ಯಾರಿಗೂ ಹೇಳಿಲ್ಲ.

ಹೋದ ವಾರ ಬೇಕರಿಯ ಮುಂದೆ ರಸೆಲ್ ಹಾಗ್ ತಡೆದು ಕೇಳಿದ:
‘ಊರು ಬೆಳೆಯೋದಕ್ಕೆ ನೀನು ಪರವೋ, ವಿರೋಧವೋ?
ಒಂದೇ ಮಾತಲ್ಲಿ ಹೇಳು.’
ಒಂದೇ ಮಾತಲ್ಲಿ: ಎಂಟಿಂಚು.

ನಗಬೇಡಿ. ಮಿಲ್ ರಸ್ತೆಯ ಕೆಳಗೆ ಮಲಗಿರುವುದು
ಆರಿಂಚಿನ ಬೀಡುಕಬ್ಬಿಣದ ಕೊಳವೆ,
ನನ್ನ ಅಜ್ಜನ ವಾರಿಗೆಯದು, ಅವನ ಹಾಗೇ
ಹೊರಗೆ ಗಟ್ಟಿ, ಒಳಗೊಳಗೇ ಕಟ್ಟಿಕೊಂಡದ್ದು.
ಗುಡ್ಡದ ಮೇಲೆ ಇನ್ನೂರ ನಲವತ್ತು ಮನೆಗಳ ನಕ್ಷೆ ತಂದವರು
ಮರ ಬರೆದಿದ್ದಾರೆ, ನಾಯಿ ಬರೆದಿದ್ದಾರೆ,
ನಾಯಿ ಹಿಡಿದ ಹೆಂಗಸಿನ ಕೆಂಪು ಟೋಪಿಯನ್ನೂ.
ಕೊಳವೆ ಬರೆದಿಲ್ಲ.

ಬರೆಯಲಿ. ಬರೆದು, ತಮ್ಮ ದುಡ್ಡಲ್ಲಿ ಹೂಳಲಿ,
ಆಮೇಲೆ ಅಡಿಪಾಯ ತೋಡಲಿ.
ಇದು ನನ್ನ ಪ್ರಣಾಳಿಕೆಯ ಮೊದಲ ಪುಟ.

ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದಿರಿ, ಕಂಡೆ.
ತಡೆಯಿರಿ. ಎರಡನೆಯ ಪುಟ ನಿಮಗೆ ಹಿಡಿಸಲಾರದು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಸರಿ.
ಆದರೆ ಬೆಳೆಯುವ ಮಗುವಿನ ಕಾಲು
ಹಾಸಿಗೆಯ ಮಾತು ಕೇಳುತ್ತದೆಯೆ?
ಶಾಲೆಯ ಹೊಸ ಮೇಷ್ಟ್ರು ಮಾರ್ಕೋ ಇಬಾರಾ
(ಅಗೋ ಹಿಂದೆ ಕೂತಿದ್ದಾರೆ, ಮುಜುಗರ ಬೇಡ ಸರ್)
ದಿನಾ ನಲವತ್ತು ಮೈಲಿ, ಜಿಂಕೆ ಅಡ್ಡ ಬರುವ ದಾರಿಯಲ್ಲಿ,
ನಿಮ್ಮ ಮಕ್ಕಳಿಗೆ ಭಿನ್ನರಾಶಿ ಕಲಿಸಲು ಬರುತ್ತಾರೆ.
ಇಲ್ಲಿ ಬಾಡಿಗೆಗೆ ಒಂದು ಕೋಣೆ ಸಿಗಲಿಲ್ಲ.
ಕೆನಾಲ್ ಬೀದಿಯಲ್ಲಿ ಹನ್ನೊಂದು ಮೀಟರುಗಳು
ಜುಲೈ ಬಿಟ್ಟರೆ ಮಿಸುಕುವುದೇ ಇಲ್ಲ.
ಊರು ತುಂಬಿಹೋಗಿದೆ ಅನ್ನುತ್ತೀರಿ.
ಯಾವುದರಿಂದ? ಬೀಗಗಳಿಂದಲೆ?

ಹಿತ್ತಲಲ್ಲಿ ಇನ್ನೊಂದು ಪುಟ್ಟ ಮನೆ ಕಟ್ಟಬಹುದು,
ಒಂದು ಸೂರಿನಡಿ ಎರಡು ಒಲೆ ಉರಿಯಬಹುದು
ಎಂದು ಕಾನೂನು ತಿದ್ದಬೇಕು.
ಗುಡ್ಡದಾಚೆ ಎಲ್ಲೋ ಅಲ್ಲ. ನಿಮ್ಮ ಪಕ್ಕದಲ್ಲಿ. ನನ್ನ ಪಕ್ಕದಲ್ಲಿ.

ಈಗ ಚಪ್ಪಾಳೆ ಇಲ್ಲ. ಇರಲಿ.

ಹಳೆಯ ಕೊಳವೆ ನಕ್ಷೆ ಹುಡುಕುತ್ತ ಒಮ್ಮೆ
ಕೌನ್ಸಿಲ್ಲಿನ ಕಪಾಟಿನಲ್ಲಿ ಒಂದು ಅರ್ಜಿ ಸಿಕ್ಕಿತು.
ಸಾವಿರದೊಂಬೈನೂರ ಎಪ್ಪತ್ತೊಂದು, ನೂರಹನ್ನೆರಡು ಸಹಿ:
‘ಹ್ಯಾಸ್ಟಿ ಫೋರ್ಡ್ ಊರಿಗೆ ಟ್ರೇಲರ್ ಮನೆಗಳು ಬರಕೂಡದು.’
ಆ ವರ್ಷ ಬಂದ ಟ್ರೇಲರಿನಲ್ಲಿ ನಾನಿದ್ದೆ, ಒಂಬತ್ತು ವರ್ಷದವಳು,
ಮಡಿಲಲ್ಲಿ ಜೆರೇನಿಯಮ್ ಕುಂಡ.
ಎಂಟನೆಯ ಸಹಿ, ರಸೆಲ್, ನಿನ್ನ ಅಪ್ಪನದು.
ಆ ಜನವರಿಯಲ್ಲಿ ನಮ್ಮ ನಲ್ಲಿ ಹೆಪ್ಪುಗಟ್ಟಿದಾಗ
ಮೂರು ವಾರ, ಬೆಳಗ್ಗೆ ಎರಡು ಬಕೆಟ್
ಬಿಸಿನೀರು ಹೊತ್ತು ಬೇಲಿ ದಾಟಿದವನೂ ಅವನೇ.
ಸಹಿ ವಾಪಸು ಪಡೆದ ಬಗ್ಗೆ ಕಾಗದ ಇಲ್ಲ.
ಬಕೆಟ್ಟಿನ ಬಗ್ಗೆಯೂ ಇಲ್ಲ.

ಅವನು ಯಾವುದಕ್ಕೆ ಪರ, ಯಾವುದಕ್ಕೆ ವಿರೋಧ
ನನಗೆ ಈಗಲೂ ತಿಳಿಯದು.

ಬೆಟ್ಟ ಹೀಗೇ ಖಾಲಿ ಕಾಣುತ್ತದೆಂದು ಮಾತು ಕೊಡಲಾರೆ.
ತೆರಿಗೆ ಏರದೆಂದೂ ಹೇಳಲಾರೆ, ಏರುತ್ತದೆ.
ಮುಂಜಾನೆ ಏಳಕ್ಕೆ ಎಲ್ಲರೂ ನಲ್ಲಿ ತಿರುಗಿಸಿದರೂ
ಕೊನೆಯ ಮನೆಯವರ ತಲೆಯ ಸೋಪು
ತೊಳೆದುಹೋಗಬೇಕು. ಅಷ್ಟಕ್ಕೆ ನಾನು ಹೊಣೆ.

ಪ್ರಶ್ನೆ ಇದ್ದರೆ ಕೇಳಿ.
ಇಲ್ಲವಾದರೆ ಏಳಿ, ಕುರ್ಚಿ ಮಡಚೋಣ.
ಎಂಜಿನ್ನು ಒಳಗೆ ಬರಬೇಕು,
ಅದರ ಹೊಟ್ಟೆಯಲ್ಲಿನ ನೀರು ಗಡ್ಡೆಯಾಗುವ ಮೊದಲು.