ಒಂಬೈನೂರು ಡಾಲರು

ಕೊಟ್ಟ ಹೆಣ್ಣು ಕುಲಕ್ಕೆ ಹೊರಗು.
ಮಾರಿದ ಟ್ರಕ್ಕಿಗೂ ಅದೇ ನ್ಯಾಯವೆಂದು
ಒಂಬೈನೂರು ಡಾಲರು ಎರಡು ಸಲ ಎಣಿಸಿ
ಅಂಗಿ ಜೇಬಿಗಿಟ್ಟು ಗುಂಡಿ ಹಾಕಿಕೊಂಡೆ.

ಎಂಬತ್ತೊಂಬತ್ತರ ಟೊಯೋಟಾ. ಒಣಹುಲ್ಲು,
ಮೆಣಸಿನಕಾಯಿ ಮೂಟೆ, ಒಂದು ರಾತ್ರಿ
ನಲವತ್ತು ಮೈಲಿ ಪೆರ್ಫೆಕ್ಟಾಳ ಹೆರಿಗೆ ನೋವು,
ಎಲ್ಲ ಹೊತ್ತದ್ದು.
ಬಾಗಿಲಲ್ಲಿ ಟಗರು ಗುದ್ದಿದ ತಗ್ಗು.
ಬಲಗಡೆ ಕನ್ನಡಿ ಇಲ್ಲ. ಇದ್ದಾಗಲೂ
ಹಿಂದಿನದನ್ನು ಯಾರು ನೋಡುತ್ತಿದ್ದರು?

ಕೊಂಡವಳು ಕಾಲುವೆಯಾಚೆಯ ಡೆಸಿರೀ,
ಮಾಯೆಸ್ತಾಸರ ಕಿರಿಯವಳು, ಟಯರಂಗಡಿಯಲ್ಲಿ ಕೆಲಸ.
'ಅಭ್ರಕದ ಗಣಿ ದಾರಿ ಹತ್ತಿಸ್ತೀನಿ ಇದನ್ನ' ಅಂದಳು.
ಆ ದಾರಿ ಕೊಚ್ಚಿಹೋಗಿ ಇಪ್ಪತ್ತು ವರ್ಷ.
'ಹುಲ್ಲು ಹತ್ತಿಸೋದೇ ಸಾಕಾಗಿತ್ತು ನನಗೆ' ಅಂದೆ.

ಮೂರನೇ ರಾತ್ರಿ ಕಾಲುವೆಯಾಚೆ
ಸುರುಸುರುಬತ್ತಿಯ ಹಾಗೆ ಕಿಡಿ.
ಮಡ್‌ಗಾರ್ಡು ಕೊಯ್ಯುತ್ತಿದ್ದಾಳೆ.
ಮಡ್‌ಗಾರ್ಡು! ಪ್ರತಿ ಈಸ್ಟರಿಗೂ ನಾನು ಮೇಣ ತಿಕ್ಕಿದ್ದು!
ಹಾಸಿಗೆಯಲ್ಲಿ ಹೊರಳಿದೆ. ಪೆರ್ಫೆಕ್ಟಾ
ಗೋಡೆ ಕಡೆ ತಿರುಗಿಕೊಂಡೇ
'ದುಡ್ಡು ತಗೊಂಡೆಯಲ್ಲ, ಮಲಗು' ಅಂದಳು.

ಹೋಗಲಿಕ್ಕೊಂದು ನೆಪ ಬೇಕು. ಮೊಟ್ಟೆ ಒಯ್ದೆ.
ಟ್ರಕ್ಕು ನಾಲ್ಕು ದಿಮ್ಮಿಗಳ ಮೇಲೆ, ಚಕ್ರವಿಲ್ಲದೆ,
ಸ್ನಾನಕ್ಕೆ ಕೂರಿಸಿದ ಮುದುಕನ ಹಾಗೆ
ನನ್ನ ಮುಖ ತಪ್ಪಿಸಿತು.
ಅವಳು ಅದರಡಿ. ಕಂಡದ್ದು ಎರಡು ಬೂಟು,
ಮಿಕ್ಕದ್ದೆಲ್ಲ ಮಾತು:
ಪಟ್ಟಿ ಸ್ಪ್ರಿಂಗು ಯಾವುದೋ ದೊಡ್ಡ ಗಾಡಿಯದು, ಗುಜರಿ, ಜೋಡಿಗೆ ನಲವತ್ತು;
ಪಕ್ಕದ ಕಾಪಿಗೆ ಹಳೇ ತೂಬಿನ ಕೊಳವೆ;
ಮೂವತ್ಮೂರಿಂಚಿನ ಟಯರು, ಯಾರೋ ಅಂಗಡಿಯಲ್ಲಿ ಬಿಟ್ಟುಹೋದವು,
ನಾಲ್ಕರಲ್ಲಿ ಮೂರು ಒಂದೇ ಜಾತಿ.
ಹಿಂದಿನ ಡಿಫರೆನ್ಷಿಯಲ್ಲಿನ ಹಲ್ಲುಗಳನ್ನು
ಬೆಸುಗೆ ಹಾಕಿ ಮುಚ್ಚಿಯೇಬಿಟ್ಟಿದ್ದಳು:
'ಇನ್ನು ಎರಡೂ ಚಕ್ರಕ್ಕೆ ಒಂದೇ ಹಟ.
ಒಂದು ಗಾಳಿಯಲ್ಲಿ ನೇತಾಡಿದರೂ ಇನ್ನೊಂದು ಎಳೆಯುತ್ತೆ.'
'ಡಾಂಬರಲ್ಲಿ ತಿರುಗಿಸಿದರೆ?'
'ಕಿರುಚುತ್ತೆ.'
ಥೇಟ್ ಮದುವೆ, ಅಂದುಕೊಂಡೆ. ಅವಳಿಗಿನ್ನೂ ಇಪ್ಪತ್ಮೂರು,
ಹೇಳಲಿಲ್ಲ.

ಬದಲಿಗೆ ಬೂಟುಗಳಿಗೆ ಹೇಳಿದೆ: ಲೋ ಗೇರು
ನೆಟ್ಟಗೆ ಕೇಳಿದರೆ ಬೀಳಲ್ಲ. ಒಂದು ಗೇಣು
ಹಿಂದಕ್ಕೆ ಜಾರಲಿ, ಆಗ ಮಂಡಿಯಿಂದ ಗುದ್ದು.
ಬೂಟು ಅಲುಗಾಡದೆ ನಿಂತವು.
ಮೂವತ್ತೈದು ವರ್ಷದ ಗುಟ್ಟು,
ರಸೀದಿಯಲ್ಲಿ ಬರೆದಿರಲಿಲ್ಲ.

ಅಕ್ಟೋಬರ್. ನ್ಯೂ ಮೆಕ್ಸಿಕೋದ ಬೆಳಗಿನ ಚಳಿಯಲ್ಲಿ
ಡಾಂಬರು ಮುಗಿದಲ್ಲಿ ಇಳಿದು ಟಯರಿನ ಗಾಳಿ ಬಿಟ್ಟಳು,
ಹನ್ನೆರಡು ಪೌಂಡಿಗೆ ಬರುವವರೆಗೂ ಬುಸ್ಸೆಂದಿತು.
ನೆಲವೆಲ್ಲ ಅಭ್ರಕದ ಚೂರು,
ಯಾರೋ ಕನ್ನಡಿ ಅರೆದು ಚೆಲ್ಲಿದ ಹಾಗೆ.
ಮೊದಲ ಬಂಡೆ ಮೆಟ್ಟಿಲು ಹತ್ತಿತು. ಎರಡನೆಯದು
ಹೊಟ್ಟೆ ಕೆರೆಯಿತು. ಮೂರನೆಯದು ನನ್ನೆದೆಯೆತ್ತರ.
'ಇಳಿದು ಮುಂದೆ ನಿಂತು ದಾರಿ ತೋರಿಸಿ, ಅಜ್ಜ.'

ನಿಂತೆ. ನನ್ನ ಎಡ ಅವಳ ಬಲ,
ಅದು ಗೊತ್ತಾಗುವಷ್ಟರಲ್ಲಿ ಒಂದು ಹೆಡ್‌ಲೈಟು ಹೋಯಿತು.
ಆಮೇಲೆ ಬಾಯಿ ಮುಚ್ಚಿ ಬರೀ ಕೈ:
ಬಾ, ಇನ್ನೂ ಬಾ, ಒಂದು ಬೆರಳಷ್ಟು, ತಡಿ.
ಅವಳ ಮಂಡಿ ಗುದ್ದಿದ ಸದ್ದು ಇಲ್ಲಿಗೂ ಕೇಳಿತು.
ಮುಂದಿನ ಚಕ್ರ ಬಂಡೆಯ ತುಟಿ ತಡಕಿ, ಕಚ್ಚಿ,
ಇಡೀ ಮೂತಿ ಆಕಾಶಕ್ಕೆದ್ದಿತು.

ಅಷ್ಟು ವರ್ಷ ಒಳಗೇ ಕೂತಿದ್ದೆನಲ್ಲ,
ಅದು ಹತ್ತುವುದನ್ನು ಎದುರಿನಿಂದ ಕಂಡದ್ದು
ಇದೇ ಮೊದಲು.

ಗಣಿ ಮುಟ್ಟಲಿಲ್ಲ. ನಾಲ್ಕನೆಯ ಮೆಟ್ಟಿಲು
ಬರೀ ಗೋಡೆ. ತಿರುಗಿಸಲು ಜಾಗವಿಲ್ಲ.
ಪೆರ್ಫೆಕ್ಟಾ ಕಟ್ಟಿಕೊಟ್ಟ ಟಾಮಾಲೆ ತಿಂದೆವು,
ಕೈ ಪ್ಯಾಂಟಿಗೆ ಒರೆಸಿಕೊಂಡಳು, ರಿವರ್ಸ್ ಹಾಕಿದಳು.
ಎರಡು ಮೈಲಿ, ಹಿಂದುಹಿಂದಕ್ಕೆ.
ಬಲಗಡೆ ಕನ್ನಡಿ ಇಲ್ಲವಲ್ಲ.
ಕಿಟಕಿಯಿಂದ ತಲೆ ಹೊರಹಾಕಿ ಕೂತೆ.